ಯಾರೂ ಮಾತಾಡದ ಲ್ಯಾಟಿನ್ ಇಷ್ಟೊಂದು ದೇಶಗಳ ಲಾಂಛನದ ಮೇಲೆ ಯಾಕಿದೆ?

ಸಂಜೆಗಾಳಿ:
ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಮತ್ತೆ ಅದೇ ಹಳೇ ಫಾರ್ವರ್ಡ್ ಓಡಾಡುತ್ತಿದೆ. ಅಮೆರಿಕದ ಒಂದು ಡಾಲರ್ ನೋಟಿನ ಹಿಂಬದಿಯ ಫೋಟೋ. ಅರ್ಧಕ್ಕೇ ನಿಂತ ಪಿರಮಿಡ್, ಅದರ ಮೇಲೊಂದು ಕಣ್ಣು, ಸುತ್ತ ಲ್ಯಾಟಿನ್ ಅಕ್ಷರ. ಕೆಳಗೆ ವಿವರಣೆ: ಇದು ಜಗತ್ತನ್ನೇ ಆಳುವ ಗುಪ್ತ ಸಂಘದ ಗುರುತು, ‘ನೋವುಸ್ ಓರ್ದೋ ಸೆಕ್ಲೋರುಮ್’ ಅಂದರೆ ‘ಹೊಸ ವಿಶ್ವ ವ್ಯವಸ್ಥೆ’, ತಕ್ಷಣ ಎಲ್ಲರಿಗೂ ಕಳಿಸಿ. ಕಳಿಸಿದ್ದು ನಮ್ಮ ದೊಡ್ಡಪ್ಪ. ಹಾಗಾಗಿ ಮುಖಕ್ಕೆ ಹೊಡೆದ ಹಾಗೆ ಸುಳ್ಳು ಅನ್ನೋಕಾಗಲ್ಲ :)

ಅದರ ನಿಜವಾದ ಅರ್ಥ ಏನು? ಇನ್ನೊಂದು, ಇಂಗ್ಲಿಷ್ ಮಾತಾಡುವ ದೇಶ ತನ್ನ ಮುದ್ರೆಯ ಮೇಲೆ ಜನಕ್ಕೆ ಅರ್ಥವಾಗದ ಭಾಷೆಯನ್ನು ಯಾಕೆ ಬರೆದುಕೊಂಡಿತು? ಅಮೆರಿಕ ಒಂದೇ ಅಲ್ಲ. ಕೆನಡಾ, ಸ್ಪೇನ್, ಮಾರಿಷಸ್, ನೋಡಿದಲ್ಲೆಲ್ಲ ಲ್ಯಾಟಿನ್. ಇದೆಲ್ಲ ಬರೀ ಶೋಕಿನಾ?

ಶಿರಸಿ ಮೇಷ್ಟ್ರು:
ದೊಡ್ಡಪ್ಪನವರಿಗೆ ಹೀಗೆ ಹೇಳಿ. ಅದು ‘ಯುಗಗಳ ಹೊಸ ಸರಣಿ’ ಅಥವಾ ‘ಹೊಸ ಕಾಲಮಾನ’. ‘ವಿಶ್ವ’ ಅನ್ನುವ ಮಾತೇ ಅಲ್ಲಿಲ್ಲ. ರೋಮನ್ ಕವಿ ವರ್ಜಿಲ್ ತನ್ನ ನಾಲ್ಕನೇ ಗೋಪಗೀತೆಯಲ್ಲಿ ಯುಗಗಳ ದೊಡ್ಡ ಸರಣಿ ಹೊಸದಾಗಿ ಹುಟ್ಟುತ್ತಿದೆ ಅನ್ನುತ್ತಾನೆ. ಆ ಸಾಲನ್ನೇ ಸ್ವಲ್ಪ ತಿರುಗಿಸಿ ಬರೆದಿದ್ದಾರೆ. ಪಿರಮಿಡ್ಡಿನ ಬುಡದಲ್ಲಿರುವ ರೋಮನ್ ಅಂಕಿ 1776, ಅಂದರೆ ಸ್ವಾತಂತ್ರ್ಯ ಘೋಷಣೆಯ ವರ್ಷ. ಅಲ್ಲಿಂದ ಅಮೆರಿಕದ ಹೊಸ ಯುಗ ಶುರು ಅಂತ ಅವರ ಲೆಕ್ಕ. ಮೇಲಿರುವ ‘ಅನ್ನುಇತ್ ಕೊಯೆಪ್ತಿಸ್’ ಕೂಡ ವರ್ಜಿಲ್‌ನದೇ ಮಾತು. ‘ನಮ್ಮ ಕೆಲಸಕ್ಕೆ ದೇವರು ಹೂಂ ಅಂದಿದ್ದಾನೆ’ ಎಂಬ ಅರ್ಥ.

ಇದನ್ನು ಆರಿಸಿದ್ದು ಗುಪ್ತ ಸಂಘ ಅಲ್ಲ, ಚಾರ್ಲ್ಸ್ ಥಾಮ್ಸನ್ ಎಂಬ ಮನುಷ್ಯ. ಆಗಿನ ಅಮೆರಿಕದ ರಾಜ್ಯಗಳ ಪ್ರತಿನಿಧಿ ಸಭೆಯಾದ ‘ಕಾಂಗ್ರೆಸ್’ನ ಕಾರ್ಯದರ್ಶಿ. ಅದಕ್ಕೆ ಮುಂಚೆ ಫಿಲಡೆಲ್ಫಿಯಾದಲ್ಲಿ ಲ್ಯಾಟಿನ್ ಪಾಠ ಹೇಳುತ್ತಿದ್ದ ಮೇಷ್ಟ್ರು! ಮುದ್ರೆ ಮಾಡಲು 1776ರ ಜುಲೈ 4ರಂದೇ ಒಂದು ಸಮಿತಿ ಆಗಿತ್ತು. ಫ್ರಾಂಕ್ಲಿನ್, ಆಡಮ್ಸ್, ಜೆಫರ್ಸನ್ ಮೂವರೂ ಇದ್ದರು. ಆದರೂ ಒಪ್ಪಿಗೆ ಆಗಲಿಲ್ಲ. ಎರಡನೇ ಸಮಿತಿ, ಮೂರನೇ ಸಮಿತಿ ಬಂದುಹೋದವು. ಕೊನೆಗೆ ಎಲ್ಲ ಕಡತ ಥಾಮ್ಸನ್ ಮೇಜಿಗೆ ಬಂತು. ಅವನು ಒಂದೊಂದು ಸಮಿತಿಯಿಂದ ಒಂದೊಂದು ಎತ್ತಿಕೊಂಡು, ಲಾಂಛನಶಾಸ್ತ್ರ ಬಲ್ಲ ವಿಲಿಯಂ ಬಾರ್ಟನ್ ನೆರವು ಪಡೆದು, ಹೊಂದಿಸಿ ಕೊಟ್ಟ. 1782ರ ಜೂನ್ 20ರಂದು ಪಾಸಾಯಿತು. ಆರು ವರ್ಷ ಎಳೆದ ಸರ್ಕಾರಿ ಫೈಲು ಅಷ್ಟೇ. ಪಿತೂರಿ ಮಾಡುವವರು ಇಷ್ಟು ನಿಧಾನ ಇರಲ್ಲ.

ಆ ಪಿರಮಿಡ್ ಎಲ್ಲರ ಕಣ್ಣಿಗೆ ಬಿದ್ದದ್ದೂ ತೀರಾ ತಡವಾಗಿ. ಒಂದು ಡಾಲರ್ ನೋಟಿನ ಹಿಂದೆ ಮುದ್ರೆಯ ಎರಡೂ ಮುಖ ಅಚ್ಚಾಗಲು ಶುರುವಾದದ್ದು 1935ರ ಸರಣಿಯಿಂದ.

ಪೆನ್ಸಿಲ್:
ಮೇಷ್ಟ್ರೇ, ಮುದ್ರೆಯ ಇನ್ನೊಂದು ಮುಖದಲ್ಲಿರೋ ಹದ್ದಿನ ಕೊಕ್ಕಿನ ಪಟ್ಟಿ ಬಿಟ್ಟುಬಿಟ್ರಿ. ‘ಎ ಪ್ಲೂರಿಬುಸ್ ಊನುಮ್’, ‘ಹಲವರಿಂದ ಒಂದು’. ಅದರಲ್ಲಿ ಸರಿಯಾಗಿ 13 ಅಕ್ಷರ. ಅನ್ನುಇತ್ ಕೊಯೆಪ್ತಿಸ್‌ನಲ್ಲೂ ಅವರ ಲಿಪಿಯಲ್ಲಿ 13. ಬಾಣ 13, ನಕ್ಷತ್ರ 13, ಪಿರಮಿಡ್ಡಿನ ಮೆಟ್ಟಿಲೂ 13. ಇದಕ್ಕೇನಂತೀರಿ?

ಶಿರಸಿ ಮೇಷ್ಟ್ರು:
ಆಗ ಇದ್ದ ರಾಜ್ಯಗಳು 13 ಮಾರಾಯ್ರೇ.

ಬಯಲುಸೀಮೆ:
‘ಎ ಪ್ಲೂರಿಬುಸ್ ಊನುಮ್’ ಬಗ್ಗೆ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ, ಹೇಳಿಬಿಡ್ತೀನಿ.

ವರ್ಜಿಲ್‌ನದು ಅಂತ ಬಹಳ ಕಾಲ ಹೇಳುತ್ತಿದ್ದ ಒಂದು ಪುಟ್ಟ ಲ್ಯಾಟಿನ್ ಪದ್ಯ ಇದೆ, ಹೆಸರು ‘ಮೊರೇತುಮ್’. ರಾಜರಿಲ್ಲ, ಯುದ್ಧ ಇಲ್ಲ. ಒಬ್ಬ ಬಡ ರೈತ ಚಳಿಗಾಲದಲ್ಲಿ ಬೆಳಕು ಹರಿಯುವ ಮುಂಚೆ ಎದ್ದು, ಒಲೆ ಊದಿ, ಹಿಟ್ಟು ಬೀಸಿ, ರೊಟ್ಟಿ ಬೇಯೋಕೆ ಇಡ್ತಾನೆ. ನೆಂಚಿಕೊಳ್ಳೋಕೆ ಏನೂ ಇಲ್ಲ. ಹಿತ್ತಲಿಗೆ ಹೋಗಿ ಬೆಳ್ಳುಳ್ಳಿ ಕೀಳ್ತಾನೆ, ಕೊತ್ತಂಬರಿ ಮತ್ತೆರಡು ಸೊಪ್ಪು ತರ್ತಾನೆ. ಒರಳಿಗೆ ಹಾಕಿ, ಉಪ್ಪು ಸೇರಿಸಿ, ಗಿಣ್ಣು ಹಾಕಿ ಕುಟ್ತಾನೆ. ಬೆಳ್ಳುಳ್ಳಿ ಘಾಟಿಗೆ ಕಣ್ಣಲ್ಲಿ ನೀರು. ಕೈಯ ಹಿಂಬದಿಯಿಂದ ಒರೆಸಿಕೊಂಡು ಹೊಗೆಗೆ ಬೈತಾನೆ, ಪಾಪ ಹೊಗೆದು ಏನೂ ತಪ್ಪಿಲ್ಲ. ಕುಟ್ಟುತ್ತಾ ಕುಟ್ಟುತ್ತಾ ಒಂದೊಂದೂ ತನ್ನ ಬಣ್ಣ ಬಿಟ್ಟುಕೊಡುತ್ತೆ. ಪೂರ್ತಿ ಹಸಿರೂ ಅಲ್ಲ, ಪೂರ್ತಿ ಬಿಳಿಯೂ ಅಲ್ಲ. ಆಗ ಕವಿ ಹೇಳೋ ಮಾತು, ‘ಹಲವರಿಂದ ಒಂದೇ ಬಣ್ಣ ಆಯಿತು’. ಇಲ್ಲಿದೆ ನೋಡಿ ಆ ಮೂರು ಪದ. ನಮ್ಮ ಕಡೆ ಒರಳಲ್ಲಿ ರುಬ್ಬೋ ಹಸಿಮೆಣಸಿನಕಾಯಿ ಚಟ್ನಿಯ ಅಣ್ಣನೇ ಅದು.

ಅಮೆರಿಕದ ಮುದ್ರೆ ನೇರವಾಗಿ ಇದರಿಂದಲೇ ಬಂತು ಅಂತಲ್ಲ. ಮೊದಲ ಸಮಿತಿಗೆ ಚಿತ್ರ ಬರೆದುಕೊಟ್ಟ ದ್ಯು ಸಿಮಿತಿಯೇರ್ ಎಂಬ ಕಲಾವಿದ ಆ ಮಾತನ್ನು ಸೂಚಿಸಿದ. ಆಗ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಎಂಬ ಪತ್ರಿಕೆ ಮುಖಪುಟದಲ್ಲಿ ಇದೇ ಮಾತನ್ನು ಹಾಕುತ್ತಿತ್ತು. ಹತ್ತು ಕಡೆಯ ಬರಹ ಸೇರಿಸಿ ಒಂದು ಸಂಚಿಕೆ ಮಾಡ್ತೀವಿ ಅನ್ನೋ ಅರ್ಥದಲ್ಲಿ. ಆಗಿನ ಅಮೆರಿಕದ ಓದುಬಲ್ಲ ಮಂದಿಗೆ ಅದು ಗೊತ್ತಿದ್ದ ಪತ್ರಿಕೆ. ಚಟ್ನಿಯಿಂದ ಪತ್ರಿಕೆಗೆ, ಪತ್ರಿಕೆಯಿಂದ ದೇಶಕ್ಕೆ.

ಸಂಜೆಗಾಳಿ:
ಅಯ್ಯೋ ಚೆನ್ನಾಗಿದೆ! ದೊಡ್ಡಪ್ಪನಿಗೆ ಇದನ್ನೇ ಕಳಿಸ್ತೀನಿ.

ಕಬ್ಬಿನ ಗದ್ದೆ:
ಸುಮ್ನೆ ಖುಷಿಪಡಬೇಡಿ. ಆ ‘ಹಲವರು’ ಯಾರು ಅಂತ ನೋಡಿ. ದ್ಯು ಸಿಮಿತಿಯೇರ್ ಬರೆದ ಮೊದಲ ಗುರಾಣಿಯಲ್ಲಿ ಆರು ದೇಶಗಳ ಗುರುತಿತ್ತು. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ಫ್ರಾನ್ಸ್, ಜರ್ಮನಿ, ಹಾಲೆಂಡ್. ಹೊಲದಲ್ಲಿ ದುಡಿಯುತ್ತಿದ್ದ ಆಫ್ರಿಕಾದವರು ಇಲ್ಲ, ಮೊದಲಿಂದ ಅಲ್ಲೇ ಇದ್ದವರೂ ಇಲ್ಲ. ಈಗ ಅದೇ ಮಾತನ್ನು ‘ಎಲ್ಲ ಬಣ್ಣದವರೂ ಒಂದು’ ಅಂತ ಓದ್ತಾರೆ. ಓದಲಿ, ಒಳ್ಳೆಯದೇ. ಆದರೆ ಬರೆದವರ ತಲೆಯಲ್ಲಿ ಅದು ಇರಲಿಲ್ಲ. ಲ್ಯಾಟಿನ್ ಆದ್ದರಿಂದ ಈ ಅನುಕೂಲ. ಹೇಗೆ ಬೇಕಾದರೂ ಅರ್ಥ ತುಂಬಬಹುದು.

ನನ್ನ ಪ್ರಕಾರ ಶೋಕಿ ಅನ್ನೋದೇ ಸರಿ. ಓದಿದವರು ಓದಿದವರಿಗೆ ಹಾಕಿದ ಸಲಾಮು ಅದು.

ಝೂರಿಕ್ ಝರಿ:
ಒಪ್ಪಲ್ಲ ಕಬ್ಬಿನ ಗದ್ದೆಯವರೇ. ನಾನಿರೋ ದೇಶದಲ್ಲಿ ಲ್ಯಾಟಿನ್ ಇಲ್ಲದಿದ್ದರೆ ಜಗಳ ಆಗ್ತಿತ್ತು. ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್, ರೋಮಾಂಶ್, ಒಟ್ಟು ನಾಲ್ಕು ಭಾಷೆ. ಹತ್ತು ರಾಪೆನ್ ನಾಣ್ಯ ಎಷ್ಟು ಚಿಕ್ಕದು ಅಂದರೆ ನಾಲ್ಕು ಭಾಷೆಯಲ್ಲಿ ದೇಶದ ಹೆಸರು ಬರೆಯೋಕೆ ಜಾಗ ಎಲ್ಲಿದೆ? ಅದಕ್ಕೆ ‘ಕಾನ್ಫೋಯ್ದೆರಾತಿಯೊ ಹೆಲ್ವೇತಿಕಾ’ ಅಂತ ಲ್ಯಾಟಿನ್. ಕಾರಿನ ಹಿಂದೆ ಅಂಟಿಸೋ ‘ಸಿ ಎಚ್’, ಇಲ್ಲಿನ ವೆಬ್‌ಸೈಟುಗಳ ಕೊನೆಯ ‘ಸಿ ಎಚ್’, ಎಲ್ಲ ಅದರ ಮೊದಲ ಅಕ್ಷರಗಳೇ. ಯಾರ ಮನೆಮಾತೂ ಅಲ್ಲ, ಹಾಗಾಗಿ ಯಾರಿಗೂ ಬೇಜಾರಿಲ್ಲ.

ಬರ್ನ್‌ನ ಸಂಸತ್ ಭವನದ ಗುಮ್ಮಟದೊಳಗೆ ‘ಊನುಸ್ ಪ್ರೊ ಓಮ್ನಿಬುಸ್, ಓಮ್ನೆಸ್ ಪ್ರೊ ಊನೊ’ ಅಂತಿದೆ. ‘ಎಲ್ಲರಿಗಾಗಿ ಒಬ್ಬ, ಒಬ್ಬನಿಗಾಗಿ ಎಲ್ಲರೂ’. ಕಾನೂನಿನ ಪ್ರಕಾರ ಇದು ದೇಶದ ಧ್ಯೇಯವಾಕ್ಯ ಅಲ್ಲ, ರೂಢಿಯಿಂದ ಬಂದಿದ್ದು. ಬಳಕೆಗೆ ಬಂದ ಕಾರಣವೂ ದೊಡ್ಡ ತತ್ವ ಏನಲ್ಲ, ಪ್ರವಾಹ. 1868ರಲ್ಲಿ ಆಲ್ಪ್ಸ್ ಕಣಿವೆಗಳಲ್ಲಿ ದೊಡ್ಡ ನೆರೆ ಬಂತು. ಬೇರೆ ಬೇರೆ ಭಾಷೆಯ ಕ್ಯಾಂಟನ್‌ಗಳಿಂದ, ಅಂದರೆ ಇಲ್ಲಿನ ರಾಜ್ಯಗಳಿಂದ, ಪರಿಹಾರದ ದುಡ್ಡು ಎತ್ತುವಾಗ ಈ ಮಾತು ಎಲ್ಲ ಕಡೆ ಹಬ್ಬಿತು. ಭವನ ಕಟ್ಟಿ ಮುಗಿಸಿದ್ದು 1902ರಲ್ಲಿ.

ಕ್ಯಾಲ್ಗರಿ ಚಳಿ:
ಕೆನಡಾದ್ದು ನಾನು ಹೇಳ್ತೀನಿ. ಪಾಸ್‌ಪೋರ್ಟಿನ ಮೇಲಿನ ಲಾಂಛನದಲ್ಲಿ ‘ಅ ಮಾರಿ ಊಸ್ಕ್ವೆ ಅದ್ ಮಾರೆ’. ‘ಕಡಲಿಂದ ಕಡಲಿಗೆ’. ಬೈಬಲಿನ 72ನೇ ಕೀರ್ತನೆಯದು. ಪೂರ್ತಿ ಸಾಲು ಒಬ್ಬ ರಾಜನ ಬಗ್ಗೆ, ‘ಅವನು ಕಡಲಿಂದ ಕಡಲಿಗೆ ಆಳಲಿ’ ಅಂತ. ಇವರು ಆಳೋ ಭಾಗ ಬಿಟ್ಟು ಬರೀ ಕಡಲು ಇಟ್ಟುಕೊಂಡರು. ಮೊದಲು 1906ರಲ್ಲಿ ಸಸ್ಕಾಚೆವಾನ್ ಶಾಸನಸಭೆಯ ಅಧಿಕಾರದ ಗುರುತಾದ ರಾಜದಂಡದ ಮೇಲೆ ಬಂತು. ತಮಾಷೆ ಅಂದರೆ ಆ ಪ್ರಾಂತ್ಯಕ್ಕೆ ಕಡಲೇ ಇಲ್ಲ, ಎತ್ತ ನೋಡಿದರೂ ಗೋಧಿ ಹೊಲ. 1921ರಲ್ಲಿ ದೇಶದ ಲಾಂಛನಕ್ಕೆ ಸೇರಿತು.

ಇಲ್ಲೂ ಇಂಗ್ಲಿಷ್-ಫ್ರೆಂಚ್ ಜಗಳ ಇದೆಯಲ್ಲ, ಅದಕ್ಕೆ ಲ್ಯಾಟಿನ್ ಆಗಿಬಂತು. ಈಗಿನ ತಕರಾರು ಬೇರೆ. ಅಟ್ಲಾಂಟಿಕ್, ಪೆಸಿಫಿಕ್ ಎರಡೇ ಕಡಲು ಲೆಕ್ಕಕ್ಕೆ ಬಂದಿವೆ, ಉತ್ತರದ ಆರ್ಕ್ಟಿಕ್ ಎಲ್ಲಿ ಹೋಯ್ತು ಅಂತ ಉತ್ತರದ ಪ್ರಾಂತ್ಯಗಳವರು ಕೇಳ್ತಾರೆ. ಭಾಷಣಗಳಲ್ಲಿ ‘ಕಡಲಿಂದ ಕಡಲಿಗೆ, ಅಲ್ಲಿಂದ ಇನ್ನೊಂದು ಕಡಲಿಗೆ’ ಅನ್ನೋದು ರೂಢಿಯಾಗಿದೆ. ಲಾಂಛನ ಮಾತ್ರ ಬದಲಾಗಿಲ್ಲ.

ಪೆನ್ಸಿಲ್:
ಸ್ಪೇನ್ ನೆನಪಾಯಿತು. ಫುಟ್‌ಬಾಲ್ ಮ್ಯಾಚಿನಲ್ಲಿ ಬಾವುಟ ಹತ್ತಿರದಿಂದ ತೋರಿಸಿದಾಗ ನೋಡಿ. ಲಾಂಛನದ ಎರಡೂ ಬದಿ ಒಂದೊಂದು ಕಂಬ, ಕಂಬಕ್ಕೆ ಸುತ್ತಿದ ಪಟ್ಟಿಯಲ್ಲಿ ‘ಪ್ಲೂಸ್ ಉಲ್ತ್ರಾ’, ‘ಇನ್ನೂ ಆಚೆಗೆ’. ಜಿಬ್ರಾಲ್ಟರ್ ಹತ್ತಿರ ಹರ್ಕ್ಯುಲಿಸ್ ನೆಟ್ಟ ಕಂಬಗಳು, ಅಲ್ಲಿಗೆ ಜಗತ್ತು ಮುಗಿಯಿತು ಅಂತ ಹಳೇ ನಂಬಿಕೆ. ಕೊಲಂಬಸ್ ಆಚೆ ಹೋಗಿ ಬಂದ ಮೇಲೆ ಐದನೇ ಚಾರ್ಲ್ಸ್ ದೊರೆ ಈ ಮಾತನ್ನು ತನ್ನದು ಮಾಡಿಕೊಂಡ. ಶುರುವಿನಲ್ಲಿ ಇದು ಫ್ರೆಂಚಿನಲ್ಲಿತ್ತು, ಆಮೇಲೆ ಲ್ಯಾಟಿನ್ ವೇಷ ಹಾಕಿಕೊಂಡಿತು. ಲ್ಯಾಟಿನ್ ಅಂದ ಮಾತ್ರಕ್ಕೆ ರೋಮ್ ಕಾಲದ್ದು ಅಂದುಕೊಳ್ಳಬೇಡಿ ಅಂತ ಹೇಳೋಕೆ ಇದನ್ನು ಬರೆದೆ.

ಕಬ್ಬಿನ ಗದ್ದೆ:
ಸ್ವಿಟ್ಜರ್ಲೆಂಡಿಗೆ ನ್ಯಾಯ ಇದೆ, ಒಪ್ಪಿದೆ. ಆದರೆ ವಸಾಹತುಗಳ ಕಥೆ ಬೇರೆ. ಅಲ್ಲಿ ಆರಿಸಿದ್ದು ಆ ಜನ ಅಲ್ಲ. ಲಾಂಛನ ಬರೋದು ಲಂಡನ್ನಿನಿಂದ, ಜೊತೆಗೊಂದು ಲ್ಯಾಟಿನ್ ಸಾಲು.

ಜಮೈಕಾ ನೋಡಿ. 1661ರ ಲಾಂಛನ. ‘ಇಂದುಸ್ ಉತೆರ್ಕ್ವೆ ಸೆರ್ವಿಯೆತ್ ಊನಿ’. ‘ಎರಡೂ ಇಂಡೀಸ್ ಒಬ್ಬನಿಗೆ ಸೇವೆ ಮಾಡುತ್ತವೆ’. ಎರಡು ಇಂಡೀಸ್ ಅಂದರೆ ಅವರದ್ದೊಂದು, ನಮ್ಮದೊಂದು! ನಾವು ಇನ್ನೂ ಅವರ ಕೈಗೆ ಸಿಕ್ಕೇ ಇರಲಿಲ್ಲ, ಆಗಲೇ ಎಲ್ಲಿಯದೋ ದ್ವೀಪದ ಲಾಂಛನದ ಮೇಲೆ ನಮ್ಮನ್ನೂ ಸೇವೆಗೆ ಹಚ್ಚಿದ್ದರು. 1962ರಲ್ಲಿ ಸ್ವಾತಂತ್ರ್ಯ ಬಂದಾಗ ಜಮೈಕಾದವರು ಚಿತ್ರ ಹಾಗೇ ಇಟ್ಟುಕೊಂಡರು, ಮೊಸಳೆ, ಅನಾನಸು, ಅಲ್ಲಿನ ಮೂಲನಿವಾಸಿಗಳಾದ ತಾಯಿನೋ ದಂಪತಿ ಎಲ್ಲ ಇದ್ದಾರೆ. ಆ ಸಾಲು ಮಾತ್ರ ಕಿತ್ತು ಹಾಕಿ ಇಂಗ್ಲಿಷಿನಲ್ಲಿ ‘ಹಲವರಿಂದ ಒಂದು ಜನ’ ಅಂತ ಬರೆದರು. ಸರಿಯಾಗಿ ಮಾಡಿದರು.

ಮಧ್ಯ ಅಮೆರಿಕದ ಬೆಲೀಜ್ ದೇಶದ ಬಾವುಟದಲ್ಲಿ ಲ್ಯಾಟಿನ್ ಇನ್ನೂ ಇದೆ. ‘ಸುಬ್ ಉಂಬ್ರಾ ಫ್ಲೋರೆಓ’, ‘ನೆರಳಲ್ಲಿ ಬೆಳೆಯುತ್ತೇನೆ’. ನೆರಳು ಮಹಾಗನಿ ಮರದ್ದು. ಮಹಾಗನಿ ಕಡಿದು ಸಾಗಿಸಿದ ದುಡ್ಡಿನಲ್ಲಿ ಬೆಳೆದ ಊರು ಅದು. ಕಡಿದವರು ಗುಲಾಮರು. ನೆರಳು ಯಾರಿಗೆ ಸಿಕ್ಕಿತು ಅಂತ ಬಾವುಟ ಹೇಳಲ್ಲ.

ಶಿರಸಿ ಮೇಷ್ಟ್ರು:
ಕಿತ್ತು ಹಾಕದೇ ಇದ್ದವರೂ ಇದ್ದಾರಲ್ಲ. ಮಾರಿಷಸ್ 1968ರಲ್ಲಿ ಸ್ವತಂತ್ರ ಆಯಿತು. ಲಾಂಛನ 1906ರದ್ದೇ. ಒಂದು ಕಡೆ ಡೋಡೋ ಹಕ್ಕಿ, ಇನ್ನೊಂದು ಕಡೆ ಕಡವೆ, ಎರಡರ ಜೊತೆಗೂ ಕಬ್ಬು. ಕೆಳಗೆ ‘ಸ್ತೆಲ್ಲಾ ಕ್ಲಾವಿಸ್ಕ್ವೆ ಮಾರಿಸ್ ಇಂದಿಕಿ’, ‘ಹಿಂದೂ ಮಹಾಸಾಗರದ ನಕ್ಷತ್ರ ಮತ್ತು ಕೀಲಿಕೈ’. 1869ರಲ್ಲಿ ಸೂಯೆಜ್ ಕಾಲುವೆ ತೆರೆಯೋವರೆಗೆ ಯುರೋಪಿನ ಹಡಗು ಭಾರತಕ್ಕೆ ಬರಬೇಕಾದರೆ ಆಫ್ರಿಕಾ ಸುತ್ತಿಯೇ ಬರಬೇಕು. ಆ ದಾರಿಯಲ್ಲಿ ಪೋರ್ಟ್ ಲೂಯಿ ಬಂದರು ಕೈಯಲ್ಲಿದ್ದವನದ್ದೇ ಮೇಲುಗೈ. ಹಾಗಾಗಿ ಆ ಕೀಲಿ ತೆರೆಯುತ್ತಿದ್ದುದು ನಮ್ಮ ಬಾಗಿಲನ್ನೇ. ಆದರೂ ಅಲ್ಲಿನ ಜನ, ಅದರಲ್ಲೂ ಭಾರತದಿಂದ ಕಬ್ಬಿನ ಗದ್ದೆಗೆ ಹೋದವರ ಮೊಮ್ಮಕ್ಕಳೇ ಹೆಚ್ಚು, ಅದನ್ನು ಹೆಮ್ಮೆಯಿಂದ ಇಟ್ಟುಕೊಂಡಿದ್ದಾರೆ. ಕೀಲಿ ಈಗ ಅವರ ಕೈಯಲ್ಲೇ ಇದೆ ಅಲ್ವಾ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ದಕ್ಷಿಣ ಆಫ್ರಿಕಾ. 1910ರಲ್ಲಿ ಬ್ರಿಟಿಷರೂ ಡಚ್ ಮೂಲದ ಬೋಯರರೂ ಸೇರಿ ಒಕ್ಕೂಟ ಮಾಡಿದಾಗ ಬರೆದದ್ದು ‘ಎಕ್ಸ್ ಊನಿತಾತೆ ವೀರೆಸ್’, ‘ಒಗ್ಗಟ್ಟಿನಿಂದ ಬಲ’. ಒಗ್ಗಟ್ಟು ಬಿಳಿಯರ ನಡುವಿನದು. ವರ್ಣಭೇದ ಮುಗಿದ ಮೇಲೆ ಹೊಸ ಲಾಂಛನ ಬೇಕಾಯಿತು. ಅಧಿಕೃತ ಭಾಷೆ ಆಗ 11. ಜುಲು ಹಾಕಿದರೆ ಖೋಸಾದವರಿಗೆ ಸಿಟ್ಟು, ಖೋಸಾ ಹಾಕಿದರೆ ಸೋತೋದವರಿಗೆ. ಏನು ಮಾಡಿದರು ಗೊತ್ತಾ? ‘ಕ್ಸಾಮ್’ ಅನ್ನುವ ಭಾಷೆ ಆರಿಸಿದರು. ಅಲ್ಲಿನ ಬೇಟೆಗಾರ ಬುಡಕಟ್ಟಿನ ನುಡಿ. ಈಗ ಅದನ್ನು ಮಾತಾಡುವವರು ಒಬ್ಬರೂ ಇಲ್ಲ. 1870ರ ದಶಕದಲ್ಲಿ ಕೇಪ್ ಟೌನ್ ಜೈಲಿನಲ್ಲಿದ್ದ ಕ್ಸಾಮ್ ಕೈದಿಗಳಿಂದ ವಿಲ್ಹೆಲ್ಮ್ ಬ್ಲೀಕ್, ಲೂಸಿ ಲಾಯ್ಡ್ ಎಂಬಿಬ್ಬರು ಕೇಳಿ ಬರೆದಿಟ್ಟ ನೋಟ್‌ಬುಕ್ಕುಗಳಿಂದಲೇ ಆ ಭಾಷೆ ನಮಗೆ ಗೊತ್ತು. 2000ದ ಏಪ್ರಿಲ್ 27ರಂದು ಹೊಸ ಲಾಂಛನ ಬಂತು. ‘ಬೇರೆ ಬೇರೆ ಜನ ಒಂದಾಗಲಿ’ ಅನ್ನೋದು ಅದರ ಮೇಲಿನ ಮಾತು.

ಅಂದರೆ ಲ್ಯಾಟಿನ್ ತೆಗೆದರು, ಲ್ಯಾಟಿನ್ ಮಾಡುತ್ತಿದ್ದ ಕೆಲಸಕ್ಕೆ ಇನ್ನೊಂದು ಸತ್ತ ಭಾಷೆ ಬೇಕಾಯಿತು. ವ್ಯತ್ಯಾಸ ಇಷ್ಟೇ, ಇದು ಆ ನೆಲದ್ದು, ಅದೂ ತುಳಿಸಿಕೊಂಡವರದ್ದು. ಹಾಗಾಗಿ ಸಂಜೆಗಾಳಿಯವರೇ, ‘ಲ್ಯಾಟಿನ್ ಯಾಕೆ’ ಅಂತ ಒಟ್ಟಾಗಿ ಕೇಳಿದರೆ ಉತ್ತರ ಸಿಗಲ್ಲ. ಯಾರು ಬರೆದರು, ಯಾರ ಜಗಳ ತಪ್ಪಿಸೋಕೆ ಬರೆದರು ಅಂತ ಒಂದೊಂದು ದೇಶಕ್ಕೂ ಬೇರೆಯಾಗಿ ಕೇಳಬೇಕು.

ಬಯಲುಸೀಮೆ:
ನಮ್ಮ ‘ಸತ್ಯಮೇವ ಜಯತೇ’ಯೂ ಇದೇ ಸಾಲಿಗೆ ಬರುತ್ತಾ? ಮುಂಡಕೋಪನಿಷತ್ತಿನಿಂದ ಕತ್ತರಿಸಿ ತಂದದ್ದು. ಅಲ್ಲಿ ಮುಂದಿನ ಮಾತು ದೇವಯಾನದ ದಾರಿಯ ಬಗ್ಗೆ ಇದೆ. ನಮ್ಮ ಕಡೆ ಅದು ಪೊಲೀಸ್ ಠಾಣೆ, ಕೋರ್ಟು, ನೋಟಿನ ಮೇಲೆ ಬಂದು ಕೂತಿದೆ.

ಪೆನ್ಸಿಲ್:
ಕತ್ತರಿಸಿದ ವಿಷಯದಲ್ಲಿ ಹೌದು. ಉಳಿದದ್ದರಲ್ಲಿ ಅಲ್ಲ. ಸತ್ಯ, ಜಯ ಎರಡೂ ಕನ್ನಡದ ಮಗುವಿಗೂ ಗೊತ್ತಿರೋ ಪದ. ಬರ್ಮಿಂಗ್‌ಹ್ಯಾಮಿನ ಮಗುವಿಗೆ ‘ಪ್ಲೂರಿಬುಸ್’ ತೋರಿಸಿ ನೋಡಿ.

ಕಬ್ಬಿನ ಗದ್ದೆ:
ತಮಿಳುನಾಡಿನವರು ತಮ್ಮ ಲಾಂಛನದಲ್ಲಿ ಅದನ್ನೇ ತಮಿಳಿನಲ್ಲಿ ‘ವಾಯ್ಮೈಯೇ ವೆಲ್ಲುಂ’ ಅಂತ ಬರೆದುಕೊಂಡಿದ್ದಾರೆ. ನಮ್ಮ ಗಂಡಭೇರುಂಡದ ಕೆಳಗೆ ನಾಗರಿ ಲಿಪಿಯಲ್ಲೇ ಇದೆ. ಕನ್ನಡ ಲಿಪಿಯಲ್ಲಾದರೂ ಬರೆಯಬಹುದಿತ್ತು.

ಶಿರಸಿ ಮೇಷ್ಟ್ರು:
ಅದಕ್ಕೆ ಬೇರೆ ಚರ್ಚೆ ಶುರುಮಾಡಿ, ನಾನೂ ಬರ್ತೀನಿ. ಇಲ್ಲಿ ಬೇಡ, ಲ್ಯಾಟಿನ್ ಕೆಳಗೆ ಬಿದ್ದುಹೋಗುತ್ತೆ.

ಹಳೇ ನಾಣ್ಯ:
ತಡವಾಗಿ ಬಂದೆ. ಲಾಂಛನ ಎಲ್ಲ ಆಯ್ತು, ನಾಣ್ಯ ಯಾರೂ ಮುಟ್ಟಿಲ್ಲ. ಜನ ದಿನಾ ಕೈಯಲ್ಲಿ ಹಿಡಿದ ಲ್ಯಾಟಿನ್ ಅದೇ.

ಬ್ರಿಟಿಷ್ ನಾಣ್ಯದಲ್ಲಿ ರಾಜನ ತಲೆಯ ಸುತ್ತ ಇರುವ ಅಕ್ಷರಗಳಲ್ಲಿ ಎರಡನ್ನು ನೋಡಿ, ‘ಎಫ್ ಡಿ’. ‘ಫಿದೆಯಿ ದೆಫೆನ್ಸೋರ್’, ಧರ್ಮರಕ್ಷಕ. 1521ರಲ್ಲಿ ಪೋಪ್ ಹತ್ತನೇ ಲಿಯೋ ಎಂಟನೇ ಹೆನ್ರಿಗೆ ಕೊಟ್ಟ ಬಿರುದು, ಪೋಪನ ವಿರುದ್ಧ ತಿರುಗಿಬಿದ್ದಿದ್ದ ಮಾರ್ಟಿನ್ ಲೂಥರ್ ವಿರುದ್ಧ ಪುಸ್ತಕ ಬರೆದದ್ದಕ್ಕೆ. ಆಮೇಲೆ ಹೆನ್ರಿ ಮುಂದೆ ಬಂದ ಪೋಪ್ ಏಳನೇ ಕ್ಲೆಮೆಂಟ್ ಜೊತೆ ಜಗಳ ಮಾಡಿಕೊಂಡು ಬೇರೆಯೇ ಚರ್ಚ್ ಕಟ್ಟಿದ. ಬಿರುದು ಮಾತ್ರ ವಾಪಸ್ ಕೊಡಲಿಲ್ಲ! ಇವತ್ತಿನ ಮೂರನೇ ಚಾರ್ಲ್ಸ್ ನಾಣ್ಯದ ಮೇಲೂ ಇದೆ.

ನಮಗೆ ಸಂಬಂಧಪಟ್ಟದ್ದು ‘ಇಂಡ್ ಇಂಪ್’. ‘ಇಂದಿಯೈ ಇಂಪೆರಾತೋರ್’, ಭಾರತದ ಚಕ್ರವರ್ತಿ. 1893ರಿಂದ 1948ರವರೆಗೆ ಬ್ರಿಟನ್ನಿನ ನಾಣ್ಯಗಳ ಮೇಲೆ ಇತ್ತು. 1949ರಿಂದ ಇಲ್ಲ. ಇದರಿಂದ ಕೆನಡಾದಲ್ಲಿ ಆದ ಫಜೀತಿ ಕೇಳಿ. ಭಾರತ ಸ್ವತಂತ್ರ ಆಯ್ತು, ಆ ಎರಡು ಪದ ತೆಗೆದ ಹೊಸ ಅಚ್ಚು ಲಂಡನ್ನಿನಿಂದ ಬರಬೇಕು. 1948 ಶುರುವಾದರೂ ಬರಲಿಲ್ಲ. ಚಿಲ್ಲರೆ ಸಾಲುತ್ತಿಲ್ಲ. ಕೊನೆಗೆ ಒಟ್ಟಾವಾ ಟಂಕಸಾಲೆಯವರು 1948ರಲ್ಲೂ 1947ರ ಹಳೇ ಅಚ್ಚಿನಲ್ಲೇ ಹೊಡೆದರು. ಗುರುತಿಗೆ ಇಸವಿಯ ಪಕ್ಕ ಒಂದು ಪುಟ್ಟ ಮೇಪಲ್ ಎಲೆ ಹಾಕಿದರು. ಎಲೆ ಇರುವ 1947 ಅಂದರೆ ನಿಜವಾಗಿ 1948ರದ್ದು.

ಇನ್ನೊಂದು ಸೋಜಿಗ. ನಮ್ಮ ರೂಪಾಯಿ ಮೇಲೆ ಆರನೇ ಜಾರ್ಜ್ ಬಿರುದು ಲ್ಯಾಟಿನ್‌ನಲ್ಲಿ ಇರಲೇ ಇಲ್ಲ, ಇಂಗ್ಲಿಷಿನಲ್ಲಿ ‘ಕಿಂಗ್ ಎಂಪರರ್’ ಅಂತಲೇ ಇತ್ತು. ಲ್ಯಾಟಿನ್ ಅವರ ಮನೆಗೆ, ಇಂಗ್ಲಿಷ್ ನಮಗೆ.

ಕ್ಯಾಲ್ಗರಿ ಚಳಿ:
ಆ ಎಲೆಯ ನಾಣ್ಯ ಇಲ್ಲಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಎಷ್ಟು ಸಲ ನೋಡಿದ್ದೀನಿ! ಕಾರಣ ನಮ್ಮ ಆಗಸ್ಟ್ 15 ಅಂತ ಗೊತ್ತೇ ಇರಲಿಲ್ಲ. ಈ ವಾರವೇ ಒಂದು ತರ್ತೀನಿ.

ಸಂಜೆಗಾಳಿ:
ನಾಣ್ಯದವರೇ, ಹಾಗಾದರೆ ಭಾರತದಲ್ಲಿ ಓಡಾಡಿದ ದುಡ್ಡಿನ ಮೇಲೆ ಲ್ಯಾಟಿನ್ ಇರಲೇ ಇಲ್ವಾ? ನಮ್ಮತ್ತೆ ಹತ್ತಿರ ಕಂಪನಿ ಕಾಲದ ಒಂದಿಷ್ಟು ತಾಮ್ರದ ಕಾಸು ಇದೆ, ಏನೋ ಸಿಂಹದ ಚಿತ್ರ.

ಹಳೇ ನಾಣ್ಯ:
ಇತ್ತು, ಕಂಪನಿ ಕಾಲದ್ದರಲ್ಲಿ. 1808ರ ಮದ್ರಾಸಿನ ಹತ್ತು ಕಾಸು, ಇಪ್ಪತ್ತು ಕಾಸು, 1835ರ ಕಾಲಾಣೆ ಹುಡುಕಿ. ಒಂದು ಬದಿ ಕಂಪನಿ ಲಾಂಛನ, ಎರಡು ಸಿಂಹ ಬಾವುಟ ಹಿಡಿದು ನಿಂತಿರುತ್ತವೆ. ಕಾಲ ಕೆಳಗಿನ ಪಟ್ಟಿಯನ್ನು ಭೂತಗನ್ನಡಿ ಹಿಡಿದು ಓದಿ. ‘ಔಸ್ಪಿಕಿಯೊ ರೇಗಿಸ್ ಎತ್ ಸೆನಾತುಸ್ ಆಂಗ್ಲಿಯೈ’, ಇಂಗ್ಲೆಂಡಿನ ರಾಜ ಮತ್ತು ಪಾರ್ಲಿಮೆಂಟಿನ ಆಶ್ರಯದಲ್ಲಿ ಅಂತ. ವ್ಯಾಪಾರಕ್ಕೆ ಬಂದ ಕಂಪನಿ ತನ್ನ ಹಿಂದೆ ಯಾರಿದ್ದಾರೆ ಅಂತ ಹೇಳಿಕೊಂಡ ರೀತಿ. ಸಂತೆಯಲ್ಲಿ ಆ ಕಾಸು ಎಣಿಸಿದವರು ಅದನ್ನು ಓದಿದ್ದಂತೂ ಅನುಮಾನ. ಆ ಪಟ್ಟಿಯೇ ಮೊದಲು ಸವೆಯೋದು, ಹಾಗಾಗಿ ಅರ್ಧ ಪದ ಸಿಕ್ಕರೂ ಸಾಕು.

ಒಂದು ಎಚ್ಚರಿಕೆ. ಕಾಸಿನ ಮೇಲೆ ರಾಮ, ಸೀತೆ, ಹನುಮಂತ ಇದ್ದು ‘ಈಸ್ಟ್ ಇಂಡಿಯಾ ಕಂಪನಿ 1818’ ಅಂತಿದ್ದರೆ ಅದು ಕಂಪನಿ ನಾಣ್ಯ ಅಲ್ಲ. ಅಂಥದ್ದನ್ನು ಕಂಪನಿ ಹೊಡೆಸಿಯೇ ಇಲ್ಲ. ಲಕ್ಷಗಟ್ಟಲೆ ಕೊಡ್ತೀವಿ ಅಂತ ಫೋನ್ ಮಾಡೋರು ಬರ್ತಾರೆ, ಮುಂಗಡ ಶುಲ್ಕ ಕೇಳ್ತಾರೆ, ಕೊಡಬೇಡಿ. ಸಿಂಹದ್ದೇ ಆಗಿದ್ದರೆ ಎರಡೂ ಬದಿ ಫೋಟೋ ಹಾಕಿ, ನೋಡಿ ಹೇಳ್ತೀನಿ. ಅಲ್ಲಿವರೆಗೆ ಅತ್ತೆಯವರಿಗೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ ಅಂತ ಹೇಳಿ.